ಬಹ್ನಸಾದಲ್ಲಿ ಕನ್ನಡ ಹುಡುಕಿದ್ದು

ನವೆಂಬರ್ ಬಂತೆಂದರೆ ನಮ್ಮ ಆಫೀಸಿನಲ್ಲಿ ಭಾಷಣಕ್ಕೆ ನನ್ನನ್ನೇ ಹಿಡಿಯುತ್ತಾರೆ. ಗುಬ್ಬಿಯವನು, ಕನ್ನಡ ಮೀಡಿಯಮ್ಮಿನಲ್ಲಿ ಓದಿದವನು, ಹತ್ತು ನಿಮಿಷ ಏನಾದರೂ ಕೊರೆಯುತ್ತಾನೆ ಅನ್ನೋ ಲೆಕ್ಕ. ಒಂದು ರಾಜ್ಯೋತ್ಸವಕ್ಕೆ ನಾನು ವಾಟ್ಸಾಪಿನಲ್ಲಿ ಬಂದಿದ್ದನ್ನೇ ಎತ್ತಿ ಹೇಳಿದೆ: ಎರಡನೇ ಶತಮಾನದ ಗ್ರೀಕ್ ನಾಟಕದಲ್ಲಿ ಕನ್ನಡ ಇದೆ, ಅದರ ಹಸ್ತಪ್ರತಿ ಈಜಿಪ್ಟಿನ ಮರಳಲ್ಲಿ ಸಿಕ್ಕಿದೆ. ಭರ್ಜರಿ ಚಪ್ಪಾಳೆ ಬಿತ್ತು. ಆಮೇಲೆ ಕಾಫಿ ಮೆಷಿನ್ ಹತ್ತಿರ ಮಧುರೈ ಕಡೆಯ ಸಹೋದ್ಯೋಗಿಯೊಬ್ಬಳು ಕೇಳಿದಳು, 'ಚೆನ್ನಾಗಿತ್ತು. ಅಂದ ಹಾಗೆ ಆ ನಾಟಕದಲ್ಲಿ ಕನ್ನಡದವರು ಏನ್ ಮಾಡ್ತಾರೆ?'

ನನಗೆ ಗೊತ್ತಿರಲಿಲ್ಲ. ಅವಳು ವ್ಯಂಗ್ಯಕ್ಕೆ ಕೇಳಿದ್ದಲ್ಲ, ಅದೇ ಇನ್ನೂ ಕಷ್ಟವಾಯಿತು.

ಮನೆಗೆ ಹೋಗಿ ಓದಲು ಕೂತೆ. ಕೈರೋದಿಂದ ದಕ್ಷಿಣಕ್ಕೆ, ನೈಲ್ ನದಿಯ ಪಶ್ಚಿಮಕ್ಕೆ, ಹಿಂದೆ ಆಕ್ಸಿರಿಂಕಸ್ ಅನ್ನೋ ಪಟ್ಟಣವಿತ್ತು. ಹೆಸರಿನ ಅರ್ಥ 'ಚೂಪು ಮೂತಿಯ ಮೀನು'. ಈಗ ಅಲ್ಲಿರೋದು ಬಹ್ನಸಾ ಅನ್ನೋ ಹಳ್ಳಿ. 1896ರಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಆಕ್ಸ್‌ಫರ್ಡ್ ವಿದ್ವಾಂಸರು ಅಲ್ಲಿಯ ತಿಪ್ಪೆಗಳನ್ನು ಅಗೆಯಲು ಶುರುಮಾಡಿದರು. ನಿಜವಾಗಲೂ ತಿಪ್ಪೆಗಳೇ. ಶತಮಾನಗಳ ಕಾಲ ಊರವರು ಬೇಡವಾದ ಪತ್ರ, ಸಾಲದ ಚೀಟಿ, ತೆರಿಗೆ ರಸೀದಿ, ಹರಿದ ಪುಸ್ತಕ ಎಲ್ಲವನ್ನೂ ಅಲ್ಲಿ ಎಸೆದಿದ್ದರು. ಮಳೆ ಅಪರೂಪವಾದ ಸೀಮೆ, ಪಪೈರಸ್ ಕೊಳೆಯಲಿಲ್ಲ. ಸಿಕ್ಕ ಚೂರುಗಳ ಸಂಖ್ಯೆ ಲಕ್ಷಗಳಲ್ಲಿ. ಅದರಲ್ಲೊಂದು 413ನೇ ನಂಬರಿನದು, 1903ರಲ್ಲಿ ಅಚ್ಚಾಯಿತು.

ಅದೊಂದು ಪ್ರಹಸನ. ಖರೀಟಿಯಾನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲ ತೀರದ ದೇವಸ್ಥಾನವೊಂದರಲ್ಲಿ ಸಿಕ್ಕಿಬಿದ್ದಿದ್ದಾಳೆ. ಅಲ್ಲಿಯ ರಾಜ ಅವಳನ್ನು ದೇವಿಗೆ ಬಲಿ ಕೊಡುವವನಿದ್ದಾನೆ. ಅವಳನ್ನು ಬಿಡಿಸಲು ಅಣ್ಣ ಹಡಗಲ್ಲಿ ಬರುತ್ತಾನೆ, ಜೊತೆಗೊಬ್ಬ ವಿದೂಷಕ. ಈ ವಿದೂಷಕನ ದೊಡ್ಡ ಆಯುಧ ಅವನ ಹೊಟ್ಟೆಯ ವಾಯು. ತಮಾಷೆಗೆ ಹೇಳುತ್ತಿಲ್ಲ, ಎಲ್ಲಿ ಬಿಡಬೇಕು ಅಂತ ಪ್ರತಿಯಲ್ಲೇ ಸೂಚನೆ ಇದೆ. ಕೊನೆಗೆ ರಾಜನಿಗೂ ಅವನ ಕಡೆಯವರಿಗೂ ನೀರು ಬೆರೆಸದ ದ್ರಾಕ್ಷಾಮದ್ಯ ಕುಡಿಸಿ, ಮತ್ತೇರಿದ ಮೇಲೆ ಹುಡುಗಿಯನ್ನು ಕರೆದುಕೊಂಡು ಪರಾರಿ. ಗ್ರೀಕರು ಮದ್ಯಕ್ಕೆ ನೀರು ಬೆರೆಸಿಯೇ ಕುಡಿಯುತ್ತಿದ್ದರು. ಹಾಗೇ ಕುಡಿಯೋನು ಅವರ ಲೆಕ್ಕದಲ್ಲಿ ಅನಾಗರಿಕ. ಈ ರಾಜನೂ ಅವನ ಪರಿವಾರವೂ ಆಡುವ, ಗ್ರೀಕ್ ಅಲ್ಲದ ಮಾತುಗಳೇ ಕನ್ನಡ ಅಂತ ಹೇಳುವ ಮಾತುಗಳು.

ಅಂದರೆ ಸಹೋದ್ಯೋಗಿಯ ಪ್ರಶ್ನೆಗೆ ಉತ್ತರ: ಕನ್ನಡದವರು ಕುಡಿದು ಟೋಪಿ ಹಾಕಿಸಿಕೊಳ್ಳುತ್ತಾರೆ.

ಮುಂದಿನ ಡಿಸೆಂಬರಿನಲ್ಲಿ ಹನ್ನೆರಡು ದಿನ ರಜೆ ಹಾಕಿ ಈಜಿಪ್ಟಿಗೆ ಹೊರಟೆ. ಟೂರ್ ಪ್ಯಾಕೇಜಿನವರು ಬಹ್ನಸಾ ಹೆಸರನ್ನೇ ಕೇಳಿರಲಿಲ್ಲ, ಹಾಗಾಗಿ ಒಬ್ಬನೇ ಹೋಗೋದು ಅಂತಾಯಿತು. ಅಮ್ಮ ಕೇಳಿದಳು, 'ಅಲ್ಲಿ ಏನಿದೆಯೋ ನೋಡೋಕೆ?' ತಿಪ್ಪೆ ಅಂದೆ. 'ನಮ್ಮೂರಲ್ಲಿ ಇಲ್ವೇನೋ' ಅಂದಳು.

ಗೀಜಾದಲ್ಲಿ ಪಿರಮಿಡ್ಡಿನ ಮುಂದೆ ಕುದುರೆಯವನೊಬ್ಬ ಬೆನ್ನು ಹತ್ತಿದ. 'ಇಂಡಿಯಾ? ಅಮಿತಾಬ್ ಬಚ್ಚನ್!' ಈಜಿಪ್ಟಿನಲ್ಲಿ ಇದು ನಮಗೆ ಸಿಗುವ ಮೊದಲ ನಮಸ್ಕಾರ. ಶುದ್ಧ ಅರಬ್ಬಿ ತಳಿ ಅಂತ ಅವನು ತೋರಿಸಿದ ಪ್ರಾಣಿಯ ಪಕ್ಕೆಲುಬು ಎಣಿಸಬಹುದಿತ್ತು. ಅಮ್ಮನ ತವರು ಕುಣಿಗಲ್. ಟಿಪ್ಪು ಕಾಲದ್ದು ಅಂತ ಹೇಳುವ ಅಲ್ಲಿಯ ಕುದುರೆ ಫಾರಮ್ಮಿನ ಬೇಲಿಗೆ ಜೋತುಬಿದ್ದು ಬೇಸಿಗೆ ರಜೆ ಕಳೆದವನು ನಾನು. ಕುದುರೆ ಅಂದರೆ ಏನು ಅಂತ ಅಷ್ಟೋ ಇಷ್ಟೋ ಗೊತ್ತು. ಆದರೂ ಹತ್ತಿದೆ, ಆದರೂ ಹೇಳಿದ್ದರ ಎರಡರಷ್ಟು ಕೊಟ್ಟೆ. ಇಳಿದ ಮೇಲೆ ಅನ್ನಿಸಿತು, ಎರಡು ಸಾವಿರ ವರ್ಷದಲ್ಲಿ ನಾಟಕದ ಪಾತ್ರಹಂಚಿಕೆ ಏನೂ ಬದಲಾಗಿಲ್ಲ.

ಕೈರೋದ ರಾಮ್ಸೆಸ್ ಸ್ಟೇಷನ್ನಿನಿಂದ ದಕ್ಷಿಣದ ರೈಲು ಹಿಡಿದು ಬೆನಿ ಮಝಾರ್‌ನಲ್ಲಿ ಇಳಿದೆ. ಆ ಭಾಗದಲ್ಲಿ ಒಂಟಿ ವಿದೇಶಿಗೆ ಪೊಲೀಸ್ ಕಾವಲು ಹಾಕೋದು ಮಾಮೂಲು. ಮಫ್ತಿಯಲ್ಲಿದ್ದ ಒಬ್ಬರು ಪಾಸ್‌ಪೋರ್ಟ್ ತಿರುವಿ ಹಾಕಿ, ಬಹ್ನಸಾ ಯಾಕೆ ಅಂದರು. ನಾಟಕ ಅಂದೆ. ಅಲ್ಲಿ ಥಿಯೇಟರ್ ಇಲ್ಲ ಅಂದರು. ಗೊತ್ತು ಅಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಮೈಕ್ರೋಬಸ್ಸಿಗೆ ಹತ್ತಿಸಿ ತಾವೂ ಪಕ್ಕದಲ್ಲಿ ಕೂತರು.

ಆ ಮೈಕ್ರೋಬಸ್ಸಿನಲ್ಲಿ ನನಗೆ ಒಂದು ವಿಷಯ ಹೊಳೆಯಿತು. ಡ್ರೈವರ್ 'ಯಲ್ಲಾ, ಯಲ್ಲಾ' ಅಂತ ಕೂಗುತ್ತಿದ್ದ. ನಡೀರಿ, ಬೇಗ ಅನ್ನೋ ಅರ್ಥ. ನನ್ನ ಕಿವಿಗೆ ಅದು 'ಎಲ್ಲಾ'. ಹಿಂದಿನ ಸೀಟಿನ ಹೆಂಗಸು ಇಳಿಯುವಾಗ 'ಹೆನಾ, ಹೆನಾ' ಅಂದರು. ಇಲ್ಲೇ, ಇಲ್ಲೇ ಅಂತ. ನನಗೆ ಕೇಳಿದ್ದು 'ಹೆಣ'. 'ಇಂತಾ' ಅಂದರೆ ನೀನು. ನನಗೆ ಅದು 'ಎಂಥಾ'. ಅರಬ್ಬಿ ಬಾರದ ನಾನು ಕಿವಿಗೆ ಬಿದ್ದಿದ್ದನ್ನೆಲ್ಲ ಪದಗಳ ನಡುವೆ ಜಾಗ ಬಿಡದೆ ಕನ್ನಡ ಲಿಪಿಯಲ್ಲಿ ಬರೆದಿಟ್ಟು, ಆ ಹಾಳೆ ಎರಡು ಸಾವಿರ ವರ್ಷ ಆದಮೇಲೆ ಯಾರಿಗಾದರೂ ಸಿಕ್ಕರೆ? ಮೈಕ್ರೋಬಸ್ಸಿನಲ್ಲಿ ಯಾರೋ ಎಲ್ಲಾ ಹೆಣಗಳ ಬಗ್ಗೆ ಕನ್ನಡದಲ್ಲಿ ಮಾತಾಡುತ್ತಿದ್ದರು ಅಂತ ಪಿಎಚ್‌.ಡಿ. ಮಾಡಬಹುದು.

413ನೇ ಪಪೈರಸ್ಸಿನ ತೊಂದರೆ ಇದೇ. ಅದನ್ನು ಬರೆದವನಿಗೆ ಗ್ರೀಕ್ ಅಕ್ಷರ ಮಾತ್ರ ಗೊತ್ತು. ಆ ಕಾಲದ ರೂಢಿಯಂತೆ ಪದ ಬಿಡಿಸದೆ ಬರೆದಿದ್ದಾನೆ. ನಮ್ಮ ಟ, ಡ, ಣ, ಳಗಳಿಗೆ ಅವನ ಹತ್ತಿರ ಅಕ್ಷರವೇ ಇಲ್ಲ. ಎಲ್ಲಿ ಕತ್ತರಿಸಬೇಕು ಅನ್ನೋದು ಓದುವವನ ಇಷ್ಟ. 1904ರಲ್ಲಿ ಜರ್ಮನ್ ಶಾಸನತಜ್ಞ ಹುಲ್ಚ್ ಅದನ್ನು ಕನ್ನಡ ಅಂದರು. ಇವರು ಮದ್ರಾಸ್ ಸರ್ಕಾರದಲ್ಲಿ ಶಾಸನಗಳ ಕೆಲಸ ಮಾಡಿದವರು, ಬಾಯಿಗೆ ಬಂದದ್ದು ಹೇಳುವವರಲ್ಲ. 'ಬೇರೆ', 'ಕೊಂಚ', 'ಪಾನ' ಇಂಥ ಪದಗಳನ್ನು ಗುರುತಿಸಿದರು. ಕುಡಿಯುವ ದೃಶ್ಯದಲ್ಲಿ ಕುಡಿಯುವ ಪದಗಳೇ ಬಂದಿವೆ, ಅದು ಅವರ ಬಲ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನಲ್ಲಿ ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು ಇದನ್ನು ಮುಂದುವರಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಬರೆದರು. 1926ರಲ್ಲಿ ಲಂಡನ್ನಿನ ಎಲ್.ಡಿ. ಬಾರ್ನೆಟ್ ಇದು ಕನ್ನಡ ಅಂತ ಸಾಬೀತಾಗಿಲ್ಲ ಅಂದರು. ಕಥೆ ನಡೆಯೋದು ಕಡಲ ತೀರದಲ್ಲಿ ತಾನೇ, ಹಾಗಾಗಿ ತುಳು ಅಂತಲೂ ಕೆಲವರು ವಾದಿಸಿದರು. ನಗಿಸಲು ಹುಟ್ಟಿಸಿದ ಬರೀ ಗೊಣಗಾಟ ಅನ್ನುವವರೂ ಇದ್ದಾರೆ.

ಹಾಗಂತ ಎಲ್ಲವೂ ಗಾಳಿಮಾತು ಅಂತ ತಳ್ಳಿಹಾಕುವಂತೆಯೂ ಇಲ್ಲ. ಆಗ ಈಜಿಪ್ಟಿನ ಕೆಂಪು ಸಮುದ್ರದ ಬಂದರುಗಳಿಂದ ಹಡಗುಗಳು ಮುಂಗಾರು ಗಾಳಿ ಹಿಡಿದು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದವು. ಮೆಣಸು ಒಯ್ಯುತ್ತಿದ್ದವು, ಬೆಳ್ಳಿ, ಬಂಗಾರ, ಮದ್ಯ ತರುತ್ತಿದ್ದವು. ಆ ಬೆಳ್ಳಿ ಕರಾವಳಿಯಲ್ಲೇ ನಿಲ್ಲಲಿಲ್ಲ. 1891ರಲ್ಲಿ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯಗಳು ಸಿಕ್ಕಿವೆ. ಈ ಎರಡು ಊರಿನ ನಡುವೆ ಇರೋದು ನಮ್ಮ ತುಮಕೂರು. ಶುಕ್ರವಾರ ಸಂಜೆ ಬೆಂಗಳೂರಿಂದ ಊರಿಗೆ ಹೊರಟು ಟ್ರಾಫಿಕ್ಕಿನಲ್ಲಿ ನಿಂತಾಗೆಲ್ಲ ಯೋಚಿಸುತ್ತೇನೆ, ಆ ದುಡ್ಡು ಕೈಯಿಂದ ಕೈಗೆ ದಾಟುತ್ತಾ ಈ ಬಯಲಲ್ಲೇ ಎಲ್ಲೋ ಹಾದುಹೋಗಿರಬೇಕು. ದುಡ್ಡು ಹೋದಲ್ಲಿ ಮಾತು ಹೋಗದೇ ಇರುತ್ತದೆಯೇ?

ಆದರೆ 'ಹೋಗಿರಬೇಕು' ಬೇರೆ, 'ಹೋಗಿದೆ' ಬೇರೆ. ಈಜಿಪ್ಟಿನ ಕುಸೈರ್ ಬಂದರಿನಲ್ಲಿ ತಮಿಳು ಬ್ರಾಹ್ಮಿಯಲ್ಲಿ ಹೆಸರು ಗೀಚಿದ ಮಡಕೆ ಚೂರುಗಳು ಸಿಕ್ಕಿವೆ. ಲಿಪಿ ಇದೆ, ಹೆಸರಿದೆ, ಅದು ಸಾಕ್ಷಿ. ನಮ್ಮ ಕೈಯಲ್ಲಿರೋದು ಬೇರೆಯವನ ಕಿವಿ, ಬೇರೆಯವನ ಲಿಪಿ. ಕಾಫಿ ಮೆಷಿನ್ ಹತ್ತಿರ ನಿಂತಿದ್ದ ಮಧುರೈ ಹುಡುಗಿಗೆ ನಾನು ಇದನ್ನು ಒಪ್ಪಿಕೊಳ್ಳಬೇಕಿತ್ತು.

ಬಹ್ನಸಾದಲ್ಲಿ ಅಮ್ಮ ಹೇಳಿದ್ದೇ ನಿಜವಾಯಿತು, ನೋಡಲು ಹೆಚ್ಚೇನಿಲ್ಲ. ಗುಮ್ಮಟದ ಗೋರಿಗಳು, ಖರ್ಜೂರದ ಮರಗಳು, ಒಂದು ಒಂಟಿ ಕಂಬ, ಮರಳಲ್ಲಿ ಮಡಕೆ ಚೂರು. ಇಲ್ಲೊಂದು ದೊಡ್ಡ ರಂಗಮಂದಿರವಿತ್ತು. 1922ರಲ್ಲಿ ಅಗೆದ ಫ್ಲಿಂಡರ್ಸ್ ಪೆಟ್ರಿ ಸುಮಾರು 11,000 ಜನ ಕೂರಬಹುದಿತ್ತು ಅಂತ ಅಂದಾಜು ಮಾಡಿದ್ದರು. ಪಪೈರಸ್ ಇರೋದು ಆಕ್ಸ್‌ಫರ್ಡಿನಲ್ಲಿ. ಕಾವಲಿನವರು ನೆರಳಲ್ಲಿ ಕೂತು ಸಿಗರೇಟ್ ಹಚ್ಚಿದರು. ನಾನು ಬಿಸಿಲಲ್ಲಿ ನಿಂತು ಗುಬ್ಬಿಯನ್ನು ನೆನೆದೆ.

ಯಾಕೆಂದರೆ ಆ ಪ್ರತಿಯಲ್ಲಿ ಮಾತಿನ ನಡುವೆ ಚಿಕ್ಕ ಗುರುತುಗಳಿವೆ: ಇಲ್ಲಿ ಚರ್ಮವಾದ್ಯ ಬಾರಿಸಿ, ಇಲ್ಲಿ ಜೋರಾಗಿ ಅಂತ. ಅದು ಕಪಾಟಿನಲ್ಲಿಡುವ ಸಾಹಿತ್ಯವಲ್ಲ, ಕಂಪನಿಯವರ ಕೈಪ್ರತಿ. ಇದು ನನಗೆ ಪರಿಚಯದ ಲೋಕ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಊರಲ್ಲಿ ಬೆಳೆದವನಿಗೆ ನಾಟಕ ಅಂದರೆ ಹಾರ್ಮೋನಿಯಂ, ತಬಲ, ಮತ್ತು ಹಾಸ್ಯಗಾರ ಬಂದ ಕೂಡಲೇ ಎದ್ದು ಕೂರುವ ಜನ. ರಂಗದ ಮೇಲೆ ಆನೆ, ಕುದುರೆ ತಂದ ಗುಬ್ಬಿ ವೀರಣ್ಣನವರನ್ನು ಜನ ಮರೆಯದೇ ಇದ್ದದ್ದು ಹಾಸ್ಯಕ್ಕೆ, 'ಸದಾರಮೆ'ಯ ಕಳ್ಳನ ಪಾತ್ರಕ್ಕೆ. ತುಮಕೂರಿನ ಅವರ ಹೆಸರಿನ ಕಲಾಕ್ಷೇತ್ರದಲ್ಲಿ ಈಗಲೂ ನಾಟಕ ನೋಡುತ್ತೇನೆ. ಅಲ್ಲಿ ಯಾವ ಪಾತ್ರ ಬಂದರೆ ಗ್ಯಾರಂಟಿ ನಗು? ಬೇರೆ ಊರಿನ ಕನ್ನಡ ಆಡುವವನು. ಬಟ್ಲರ್ ಇಂಗ್ಲಿಷಿನವನು. ನಮ್ಮ ಮಾತು ಬಾರದವನು. ಮಾರ್ವಾಡಿ ಅಂಗಡಿಯವನ ಕನ್ನಡ, ಮಲಯಾಳಿ ನರ್ಸಿನ ಕನ್ನಡ ಅಂತ ನಾವು ಎಷ್ಟು ನಕ್ಕಿಲ್ಲ? ಯಾವ ನಾಟಕದವನೂ ಆ ಭಾಷೆಗಳನ್ನು ಕಲಿತು ಬರೆದದ್ದಲ್ಲ. ಕಿವಿಗೆ ಬಿದ್ದಿದ್ದು, ನಗು ತರಿಸೋವಷ್ಟು ಸಾಕು.

ಆಕ್ಸಿರಿಂಕಸ್ಸಿನ ಕಂಪನಿಯವರೂ ಅಷ್ಟೇ ಮಾಡಿದ್ದು. ಯಾವುದೋ ಬಂದರಿನಲ್ಲಿ, ಯಾವುದೋ ಹಡಗಿನಲ್ಲಿ ನಮ್ಮ ಕಡೆಯ ಒಬ್ಬ ಕೂಲಿಯೋ, ನಾವಿಕನೋ ಆಡಿದ ಮಾತು ಯಾರದೋ ಕಿವಿಗೆ ಬಿದ್ದು, ಅಣಕವಾಗಿ ನಾಟಕದೊಳಗೆ ಬಂದಿರಬಹುದು. ಅದು ನಿಜವಾಗಿದ್ದರೆ ಈಜಿಪ್ಟಿನಲ್ಲಿ ಕನ್ನಡಕ್ಕೆ ಸಿಕ್ಕಿದ್ದು ಸನ್ಮಾನವಲ್ಲ, ನಗು. ನಾವು ಎರಡು ಸಾವಿರ ವರ್ಷದ ಆ ನಗುವನ್ನೇ ಎತ್ತಿ ತಂದು ನವೆಂಬರಿನಲ್ಲಿ ಶಾಲು ಹೊದಿಸುತ್ತಿದ್ದೇವೆ.

ವಾಪಸ್ ಕೈರೋಗೆ ಬಂದ ಸಂಜೆ ಚಹಾದಂಗಡಿಯಲ್ಲಿ ಇಬ್ಬರು ದುಡ್ಡಿನ ವಿಷಯಕ್ಕೆ ಜಗಳ ಆಡುತ್ತಿದ್ದರು. ಒಬ್ಬ ಎದ್ದು ನಿಂತು 'ಫಾಕಿರ್ನಿ ಹಿಂದಿ?' ಅಂದ. ಎಲ್ಲರೂ ನಕ್ಕರು. ಆಮೇಲೆ ಯಾರೋ ನನ್ನ ಕಡೆ ಕಣ್ಣು ತೋರಿಸಿದರು, ಅಂಗಡಿ ಗಪ್‌ಚುಪ್. ಪಕ್ಕದ ಹುಡುಗನನ್ನು ಕೇಳಿದೆ. ಅವನು ಸಂಕೋಚದಿಂದ ಬಿಡಿಸಿ ಹೇಳಿದ. ಅರಬ್ಬಿಯಲ್ಲಿ ಹಿಂದಿ ಅಂದರೆ ಭಾರತದವನು. ನಾವು 'ಕಿವಿ ಮೇಲೆ ಹೂ ಇಡೋಕೆ ಬರ್ತೀಯಾ' ಅನ್ನೋ ಕಡೆ ಅವರು 'ನನ್ನನ್ನೇನು ಇಂಡಿಯನ್ ಅಂದ್ಕೊಂಡ್ಯಾ' ಅನ್ನುತ್ತಾರೆ. ಪೆದ್ದ ಅಂತ ಅರ್ಥ.

ನನಗೆ ಸಿಟ್ಟು ಬರಬೇಕಿತ್ತು. ಜೋರು ನಗು ಬಂತು. ಗೀಜಾದ ಕುದುರೆಯ ಕಥೆ ಹೇಳಿದೆ, ಎಷ್ಟು ಕೊಟ್ಟೆ ಅಂತಲೂ ಹೇಳಿದೆ. ಆ ಹುಡುಗ ಅದನ್ನು ಅಂಗಡಿಗೆಲ್ಲ ಅರಬ್ಬಿಯಲ್ಲಿ ಹೇಳಿದ. ಜಗಳ ಆಡುತ್ತಿದ್ದವರೂ ಕೂತು ನಕ್ಕರು. ಚಹಾದ ದುಡ್ಡು ಯಾರೂ ತೊಗೊಳ್ಳಲಿಲ್ಲ.

ಈ ವರ್ಷದ ರಾಜ್ಯೋತ್ಸವಕ್ಕೂ ನನ್ನನ್ನೇ ಕರೆದರು. ಕನ್ನಡದ ಗಟ್ಟಿ ಸಾಕ್ಷಿ ಬೇಕಾದರೆ ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ ಇದೆ, ಅದು ಸಾಲದೇ ಅಂದೆ. ಆಮೇಲೆ ಈಜಿಪ್ಟಿನ ನಾಟಕವನ್ನೂ ಹೇಳಿದೆ. ಈ ಸಲ ಪೂರ್ತಿ ಕಥೆ: ಮದ್ಯ, ವಾಯು, ಟೋಪಿ, ಹುಲ್ಚ್, ಬಾರ್ನೆಟ್, ಯಲ್ಲಾ, ಹೆಣ. ಚಪ್ಪಾಳೆ ಹೋದ ಸಲದಷ್ಟು ಬೀಳಲಿಲ್ಲ. ಆದರೆ ಕಾಫಿ ಮೆಷಿನ್ ಹತ್ತಿರ ಮಧುರೈ ಹುಡುಗಿ ಕಾಯುತ್ತಿದ್ದಳು. 'ನಮ್ಮ ಕುಸೈರ್ ಚೂರಿನ ಬಗ್ಗೆ ನಂಗೇ ಗೊತ್ತಿರ್ಲಿಲ್ಲ' ಅಂದಳು. ಕಲಿತು ಒಂದು ವರ್ಷವಾದ ಕನ್ನಡ, ಉಚ್ಚಾರಣೆ ಅಲ್ಲಲ್ಲಿ ಸೊಟ್ಟ. ಪಕ್ಕದವನೊಬ್ಬ ಮುಸಿ ಮುಸಿ ನಕ್ಕ. ನಾನು ನಗಲಿಲ್ಲ.