ಅಯ್ಯಾವೊಳೆಯ ಐನೂರ್ವರೂ ನಾಡಿನ ಅಭ್ಯುದಯವೂ

ಕರ್ಣಾಟಕದ ಪ್ರಾಚೀನ ವರ್ತಕಸಂಘಗಳಲ್ಲಿ ಅಯ್ಯಾವೊಳೆಯ ಐನೂರ್ವ ಸ್ವಾಮಿಗಳ ಸಂಘವು ಅಗ್ರಗಣ್ಯವಾದುದೆಂಬುದು ಶಾಸನಾಭ್ಯಾಸಿಗಳಿಗೆ ವಿದಿತವೇ ಆಗಿದೆ. ಇವರ ಶಾಸನಗಳ ಪ್ರಶಸ್ತಿಭಾಗವು ಹಳಗನ್ನಡ ಗದ್ಯದ ಸೊಗಸಾದ ಮಾದರಿಯಾಗಿರುವುದರಿಂದ ಸಾಹಿತ್ಯಾಧ್ಯಾಪಕರು ಅದನ್ನು ಆದರದಿಂದ ಪಠಿಸುವರು. ಪ್ರಶಸ್ತಿಯು ಮುಗಿದು, ಹೇರಿಗಿಷ್ಟು, ಅಂಗಡಿಗಿಷ್ಟು ಎಂಬ ದತ್ತಿಯ ವಿವರವು ಮೊದಲಾಗುತ್ತಲೇ ಪುಟವನ್ನು ಮಗುಚುವರು. ಆದರೆ ವರ್ತಕರ ಮನೋಗತವನ್ನು ಅರಿಯಬೇಕಾದರೆ ಆ ಶುಷ್ಕಭಾಗವನ್ನೇ ನೋಡತಕ್ಕದ್ದು. ಅವರು ತಮ್ಮನ್ನು ಲೋಕವು ಹೇಗೆ ಕೊಂಡಾಡಬೇಕೆಂದು ಬಯಸಿದರೆಂಬುದನ್ನು ಪ್ರಶಸ್ತಿಯು ತಿಳಿಸುತ್ತದೆ. ಯಾವುದಕ್ಕಾಗಿ ಹಣವನ್ನು ಬಿಚ್ಚಿದರೆಂಬುದನ್ನು ದತ್ತಿಯು ತಿಳಿಸುತ್ತದೆ. ನಾಡಿನ ಏಳಿಗೆಗೆ ಯಾವುದು ಮೊದಲು, ಯಾವುದು ಅನಂತರ ಎಂಬ ಅವರ ಗಣನೆಯು ಎರಡನ್ನೂ ಕೂಡಿಸಿ ಓದಿದಾಗಲೇ ವ್ಯಕ್ತವಾಗುವುದು.

ಅಯ್ಯಾವೊಳೆಯೆಂಬುದು ಈಗಿನ ಬಾಗಲಕೋಟೆ ಜಿಲ್ಲೆಯಲ್ಲಿ, ಮಲಪ್ರಭಾನದಿಯ ಬಳಿ ಇರುವ ಐಹೊಳೆ. ಸಂಸ್ಕೃತದಲ್ಲಿ ಇದಕ್ಕೆ ಆರ್ಯಪುರವೆಂದು ಹೆಸರು. ಈ ಊರಿನಿಂದ ಹೆಸರನ್ನು ಪಡೆದ ಸಂಘವು ಊರಿನ ಎಲ್ಲೆಯೊಳಗೆ ಉಳಿಯಲಿಲ್ಲ. ಕನ್ನಡ, ತೆಲುಗು, ತಮಿಳು ನಾಡುಗಳಲ್ಲೆಲ್ಲ ಹಬ್ಬಿತು. ಐನೂರ್ವರೆಂಬುದೂ ಕ್ರಮೇಣ ಎಣಿಕೆಯ ಅರ್ಥವನ್ನು ಕಳೆದುಕೊಂಡು ಸಂಘನಾಮವಾಗಿ ರೂಢವಾಯಿತು. ಸ್ಥಳೀಯರಾದ ಸೆಟ್ಟಿಗಳೂ ನಕರಗಳೂ, ದೇಶಸಂಚಾರಿಗಳಾದ ನಾನಾದೇಶಿಗಳೂ, ಗವರೆ, ಮುಮ್ಮುರಿದಂಡಗಳೂ ಇವರೊಡನೆ ಸೇರಿ ವ್ಯವಹರಿಸುತ್ತಿದ್ದರು. ಇವರೆಲ್ಲರನ್ನೂ ಬಂಧಿಸಿದ ಕಟ್ಟಳೆಗೆ ವೀರಬಣಂಜುಧರ್ಮವೆಂದು ಹೆಸರು.

ಈ ಧರ್ಮದಲ್ಲಿ ಪ್ರಥಮಸ್ಥಾನವು ಸುಂಕದ ನಿಶ್ಚಯಕ್ಕೆ ಸಲ್ಲುತ್ತದೆ. ಶಿಕಾರಿಪುರದ ಹನ್ನೊಂದನೆಯ ಶತಮಾನದ ಶಾಸನವು, ಐನೂರ್ವರು ಚೇರ, ಚೋಳ, ಪಾಂಡ್ಯ, ಮಗಧ, ನೇಪಾಳಾದಿ ದೇಶಗಳಲ್ಲಿ ಸಂಚರಿಸಿ ಆನೆ, ಕುದುರೆ, ರತ್ನ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿಗಳನ್ನು ಮಾರುತ್ತಿದ್ದರೆಂದು ವರ್ಣಿಸುತ್ತದೆ. ಅದೇ ಶಾಸನವು, ಇವರು ಸುಂಕವು ನಷ್ಟವಾಗದಂತೆ ನಡೆದು ಚಕ್ರವರ್ತಿಯ ಭಂಡಾರವನ್ನು ತುಂಬುವರೆಂದೂ, ಉಳಿದುದರಲ್ಲಿ ಪಂಡಿತರಿಗೂ ಮುನಿಗಳಿಗೂ ದಾನಮಾಡುವರೆಂದೂ ಹೇಳುತ್ತದೆ. ಈ ಆನುಪೂರ್ವಿಯು ಗಮನಾರ್ಹವಾದುದು: ರಾಜಭಾಗವು ಮೊದಲು, ದಾನವು ಬಳಿಕ. ಅರಸನ ಬೊಕ್ಕಸವು ವರ್ತಕರ ದುಡಿಮೆಯಿಂದ ತುಂಬುವಲ್ಲಿ, ಅವರ ಸರಕಿಗೆ ರಕ್ಷಣೆಯನ್ನು ಕೊಡುವುದೂ ಅರಸನಿಗೆ ಲಾಭಕರವೇ.

ಎರಡನೆಯದು ಸಂತೆಯ ಸ್ಥಳದ ಅಭಯ. ಅರಸನ ದಂಡು ಎಲ್ಲ ದಾರಿಗಳನ್ನೂ ಕಾಯಲಾರದು. ಆದಕಾರಣ ವರ್ತಕರು ತಾವೇ ಆಯುಧಪಾಣಿಗಳನ್ನು ಪೋಷಿಸಿದರು, ಕೆಲವು ಊರುಗಳನ್ನು ವೀರಪಟ್ಟಣಗಳನ್ನಾಗಿ ಮಾಡಿದರು. ತಮಿಳುನಾಡಿನ ಕಾಟ್ಟೂರಿನ ಚೋಳಕಾಲದ ಶಾಸನದಲ್ಲಿ ಇಂತಹ ಪರಿವರ್ತನೆಯ ವಿಧಿಯುಂಟು. ಅಲ್ಲಿನ ನಿವಾಸಿಗಳಿಗೆ ಸಂಘದ ವಂತಿಗೆಯು ಮಾಫಿಯಾಯಿತು; ಕತ್ತಿಯನ್ನು ಹಿರಿದು ಜನರನ್ನು ಬೆದರಿಸಿ ಸುಂಕವನ್ನು ಕೇಳುವ ವರ್ತಕರು ಆ ಊರಿನಲ್ಲಿ ವಾಸಿಸಕೂಡದೆಂದು ನಿರ್ಣಯವಾಯಿತು. ಈ ನಿಷೇಧವು ಹೊರಗಿನ ಕಳ್ಳರನ್ನು ಕುರಿತುದಲ್ಲ, ಸ್ವಜನರನ್ನು ಕುರಿತುದು. ಸಂಘದ ಶಸ್ತ್ರವೇ ಸಂತೆಗೆ ಶತ್ರುವಾಗಬಹುದೆಂಬುದನ್ನು ಐನೂರ್ವರು ಅರಿತಿದ್ದರು.

ಮೂರನೆಯದು, ಎಲ್ಲರೂ ಕೂಡಿ ಹೊರುವ ಅಲ್ಪಭಾರ. ಕ್ರಿ. ಶ. ೧೨೦೪ರಲ್ಲಿ ರಟ್ಟರ ನಾಲ್ವಡಿ ಕಾರ್ತವೀರ್ಯನ ಆಳ್ವಿಕೆಯಲ್ಲಿ, ವೇಣುಗ್ರಾಮ ಅಂದರೆ ಬೆಳಗಾವಿಯಲ್ಲಿ, ರಟ್ಟಜಿನಾಲಯಕ್ಕಾಗಿ ಊರಿನ ವರ್ತಕರೂ ಕೂಂಡಿ ಮೂರುಸಾಸಿರದ ಮುಮ್ಮುರಿದಂಡಗಳೂ ಕೂಡಿದರು. ಲಾಳದೇಶದವರೂ ಮಲೆಯಾಳದವರೂ ಆ ಸಭೆಯಲ್ಲಿದ್ದರು. ಕುದುರೆ, ಬತ್ತ, ಮೆಣಸು, ಅಡಕೆ, ವೀಳ್ಯದೆಲೆ, ಎಣ್ಣೆ ಮೊದಲಾದ ಸರಕುಗಳ ಮೇಲೆ ಬೇರೆಬೇರೆಯಾಗಿ ಆಯವನ್ನು ಗೊತ್ತುಮಾಡಿದರು. ಒಬ್ಬನ ದೊಡ್ಡ ದಾನವು ಅವನೊಡನೆ ತೀರುವುದು. ಹೇರಿನ ಮೇಲಣ ಚಿಕ್ಕ ಆಯವಾದರೋ ಸಂತೆಯು ನಡೆಯುವ ತನಕ ನಡೆಯುವುದು. ೧೧೨೩ರ ತೇರದಾಳದ ಶಾಸನದಲ್ಲಿಯೂ ಐನೂರ್ವರು ಬಸದಿಗೆ ದತ್ತಿಯನ್ನು ಬಿಟ್ಟಿರುವರು. ೧೦೯೫ರ ಡಂಬಳದ ಶಾಸನವು, ಹದಿನಾರು ಸೆಟ್ಟಿಗಳು ಅಲ್ಲಿ ಬುದ್ಧವಿಹಾರವನ್ನು ಕಟ್ಟಿಸಿದುದನ್ನು ತಿಳಿಸುತ್ತದೆ. ವರ್ತಕವರ್ಗದ ಔದಾರ್ಯವು ಒಂದೇ ಮತಕ್ಕೆ ಕಟ್ಟುಬಿದ್ದುದಾಗಿರಲಿಲ್ಲವೆಂಬುದಕ್ಕೆ ಇವೇ ಸಾಕ್ಷಿ. ಭಿನ್ನಮತದವರು ಕೂಡಿ ವ್ಯಾಪಾರಮಾಡುವಲ್ಲಿ ಪರಸ್ಪರ ಗೌರವವು ಧರ್ಮವೂ ಹೌದು, ಬಂಡವಾಳವೂ ಹೌದು.

ಕಡಲನ್ನು ದಾಟಿದರೂ ಪದ್ಧತಿಯು ಬದಲಾಗಲಿಲ್ಲ. ಸುಮಾತ್ರಾದ್ವೀಪದ ಬಾರೂಸಿನ ಬಳಿ ದೊರೆತ ೧೦೮೮ರ ತಮಿಳು ಶಾಸನವು ಐನೂರ್ವರದೇ. ಬರುವ ಹಡಗಿನವರು ಕಸ್ತೂರಿಯ ಬೆಲೆಯ ಲೆಕ್ಕದಲ್ಲಿ ಗೊತ್ತಾದ ಹೊನ್ನನ್ನು ಕೊಟ್ಟ ಬಳಿಕವೇ ಮುಂದುವರಿಯತಕ್ಕದ್ದೆಂದು ಅದು ವಿಧಿಸುತ್ತದೆ. ಮಲಪ್ರಭೆಯ ಬಳಿಯ ಊರಿನ ಹೆಸರನ್ನು ಹೊತ್ತವರು ಪರದ್ವೀಪದಲ್ಲಿಯೂ ಮೊದಲು ಬಗೆಹರಿಸಿದುದು ಸುಂಕದ ಮೊತ್ತವನ್ನೇ.

ಆದರೆ ಈ ಚಿತ್ರಕ್ಕೆ ಇನ್ನೊಂದು ಮುಖವೂ ಉಂಟು. ಈ ಶಾಸನಗಳನ್ನು ಬರೆಯಿಸಿದವರು ದಾತೃಗಳು ಅಥವಾ ದಾನವನ್ನು ಪಡೆದವರು. ಬೆಳಗಾವಿಯ ಸಭೆಯಲ್ಲಿ ಮಾರುವವರ ಹೆಸರುಗಳಿವೆ. ಬತ್ತವನ್ನು ಬೆಳೆದವನೂ ಎಣ್ಣೆಯನ್ನು ಕೊಂಡವಳೂ ಅಲ್ಲಿ ಮಾತನಾಡುವುದಿಲ್ಲ. ಹೇರಿನ ಮೇಲೆ ಕಟ್ಟಿದ ಆಯವು ವರ್ತಕನ ಲಾಭದಿಂದಲೇ ಸಂದಿತೋ, ಬೆಲೆಯೊಳಗೆ ಸೇರಿ ಒಕ್ಕಲಿನವನ ಮೇಲೆಯೋ ಕೊಳ್ಳುವವರ ಮೇಲೆಯೋ ಬಿದ್ದಿತೋ ಎಂಬ ಪ್ರಶ್ನೆಗೆ ಕಲ್ಲು ಉತ್ತರವನ್ನು ಕೊಡದು. ಆದುದರಿಂದ ಐನೂರ್ವರ ಏಳಿಗೆಯನ್ನೇ ನಾಡಿನ ಏಳಿಗೆಯೆಂದು ಎಣಿಸುವುದು ವಿಚಾರಸಹವಲ್ಲ.

ಇಷ್ಟನ್ನು ಮಾತ್ರ ನಿಶ್ಚಯವಾಗಿ ಹೇಳಬಹುದು. ಗೊತ್ತಾದ ಸುಂಕ, ನಿರ್ಭಯವಾದ ಸಂತೆ, ಹಂಚಿಕೊಂಡ ಹೊರೆ ಎಂಬ ಮೂರನ್ನು ಐನೂರ್ವರು ವ್ಯಾಪಾರದ ಮೂಲವೆಂದು ಬಗೆದರು. ಈ ಮೂರನ್ನು ನಡೆಸಲು ತಮ್ಮವರನ್ನೇ ಕಟ್ಟಳೆಗೆ ಒಳಪಡಿಸಿದರು. ಪ್ರಶಸ್ತಿಯ ವಿಶೇಷಣಗಳು ಊರಿಂದೂರಿಗೆ ಪುನರುಕ್ತವಾಗಿ ಬರುವುವು. ಹೇರಿನ ಲೆಕ್ಕವಾದರೋ ಆಯಾ ಊರಿನ ಸರಕಿಗೂ ಸಂತೆಗೂ ತಕ್ಕಂತೆ ಬೇರೆಬೇರೆಯಾಗಿರುವುದು. ಆ ಊರಿನ ಬಾಳು ಉಳಿದಿರುವುದು ಅದರಲ್ಲಿಯೇ.