ಊಟ ಕೇಳಿದ್ದೂ ಇಂಗ್ಲಿಷಿನಲ್ಲೇ

2009ರ ಜನವರಿ 22ರಂದು ಅಮೆರಿಕಾದ ನ್ಯಾಶ್‌ವಿಲ್ ನಗರದ ಜನ ಒಂದು ವಿಚಿತ್ರ ಓಟು ಹಾಕಲು ಹೋದರು. ಯಾವ ಹುದ್ದೆಗೂ ಅಲ್ಲ, ಯಾವ ಪಕ್ಷಕ್ಕೂ ಅಲ್ಲ. ಊರಿನ ಅಧಿಕೃತ ಭಾಷೆ ಇಂಗ್ಲಿಷ್ ಅಂತ ನಗರದ ಸನ್ನದಿನಲ್ಲಿ ಬರೆದಿಡಬೇಕೋ ಬೇಡವೋ ಅಂತ. ಕೋರ್ಟು, ಕಚೇರಿ, ಇಸ್ಕೂಲು ಎಲ್ಲಾ ಇಂಗ್ಲಿಷಿನಲ್ಲೇ ನಡೆಯುವ ಊರಿಗೆ ಇದು ಯಾಕೆ ಬೇಕಾಯಿತು? ಅದೂ ಟೆನೆಸಿ ರಾಜ್ಯವೇ 1984ರಲ್ಲಿ ಇಂಗ್ಲಿಷನ್ನು ಅಧಿಕೃತ ಭಾಷೆ ಅಂತ ಕಾನೂನು ಮಾಡಿಕೊಂಡ ಮೇಲೆ? ಹೊಟ್ಟೆ ತುಂಬಿದವನು ಎರಡನೇ ಸಲ ಎಲೆ ಹಾಕಿಸಿಕೊಂಡು ಕೂತ ಅಂದರೆ ಪಕ್ಕದವನಿಗೆ ಜಾಗ ಬಿಡಬಾರದು ಅಂತಲೇ ಲೆಕ್ಕ.

ಆ ತಿದ್ದುಪಡಿಯ ಒಳಗೆ ಏನಿತ್ತು ಅಂತ ನೋಡಬೇಕು. ಸರ್ಕಾರವನ್ನು ಕಟ್ಟಿಹಾಕುವ ವ್ಯವಹಾರವೆಲ್ಲ ಇಂಗ್ಲಿಷಿನಲ್ಲೇ ಆಗಬೇಕು. ಸಭೆಗಳು ಇಂಗ್ಲಿಷಿನಲ್ಲೇ ನಡೆಯಬೇಕು. ಬೇರೆ ಭಾಷೆಯಲ್ಲಿ ಸರ್ಕಾರದ ಸೇವೆ ಕೇಳುವ ಹಕ್ಕು ಯಾರಿಗೂ ಇಲ್ಲ. ಆರೋಗ್ಯ, ಸುರಕ್ಷತೆಯಂಥ ವಿಷಯಕ್ಕೆ ಬೇಕಿದ್ದರೆ ಕೌನ್ಸಿಲ್ಲು ವಿನಾಯಿತಿ ಕೊಡಬಹುದು. ಗೆಳೆಯರೆ, ಈ 'ಕೊಡಬಹುದು' ಎಂಬ ಮಾತು ನಮಗೆ ಹೊಸದಲ್ಲ. ಹಕ್ಕಾಗಿ ಇರಬೇಕಾದ್ದನ್ನು ಗೌಡರ ಹಟ್ಟಿಯ ಮುಂದೆ ಕೈಕಟ್ಟಿ ನಿಂತು ಪಡೆಯುವ ಹಾಗೆ ಮಾಡುವ ಮಾತು ಅದು.

ಇದರ ಹಿಂದೆ ಓಡಾಡಿದವರು ಎರಿಕ್ ಕ್ರಾಫ್ಟನ್ ಎಂಬ ಕೌನ್ಸಿಲರ್. 2007ರ ಫೆಬ್ರವರಿಯಲ್ಲೇ ಇಂಥದ್ದೊಂದು ಮಸೂದೆ ಕೌನ್ಸಿಲ್ಲಿನಲ್ಲಿ ಪಾಸಾಗಿತ್ತು. ಮೇಯರ್ ಬಿಲ್ ಪರ್ಸೆಲ್ ತಮ್ಮ ವಿಶೇಷಾಧಿಕಾರ ಬಳಸಿ ಅದನ್ನು ತಡೆದರು. ಆಮೇಲೆ ಸಹಿ ಸಂಗ್ರಹ ಶುರುವಾಯಿತು. 2008ರ ನವೆಂಬರ್ ಚುನಾವಣೆಗೆ ಸೇರಿಸಲು ಆಗದೆ ಹೋಗಿ, ಕಡೆಗೆ ಇದಕ್ಕೆಂದೇ ಬೇರೆ ಓಟು ನಡೆಸಬೇಕಾಯಿತು. ಬೇರೆ ಭಾಷೆಗೆ ಅನುವಾದ ಮಾಡಿಸುವ ಖರ್ಚು ಉಳಿಯುತ್ತದೆ ಅನ್ನುವುದು ಅವರ ಒಂದು ವಾದ. ಈ ಓಟಿಗೇ ಸುಮಾರು ಮೂರೂವರೆ ಲಕ್ಷ ಡಾಲರ್ ಖರ್ಚು ಅಂತ ಅಂದಾಜು ಮಾಡಿದ್ದರು!

ಭಯ ಯಾರದ್ದು? ಊರಿಗೆ ಹೊಸದಾಗಿ ಬಂದವರದ್ದು. ಇರಾಕಿನಲ್ಲಿ ಸದ್ದಾಂ ಹುಸೇನನ ಕೈಗೆ ಸಿಕ್ಕಿ ನುಚ್ಚುನೂರಾದ ಕುರ್ದ್ ಜನ ನಿರಾಶ್ರಿತರಾಗಿ ಈ ಊರಿಗೆ ಬಂದು ನೆಲೆಸಿದ್ದರು. ಅಮೆರಿಕಾದಲ್ಲೇ ಅತಿ ಹೆಚ್ಚು ಕುರ್ದರು ಇರುವ ಊರು ಇದು. ಸೊಮಾಲಿಯಾದವರು ಬಂದಿದ್ದರು. ಕಟ್ಟಡದ ಕೆಲಸಕ್ಕೆ, ಹೋಟೆಲಿನ ಪಾತ್ರೆ ತೊಳೆಯುವುದಕ್ಕೆ ಮೆಕ್ಸಿಕೋ ಕಡೆಯ ಸ್ಪ್ಯಾನಿಷ್ ಮಾತಿನ ಕೂಲಿಗಳು ಬಂದಿದ್ದರು. ಇವರ ಬೆವರು ಬೇಕು, ಬಾಯಿ ಬೇಡ.

ಈಗ ಆ ಮಣ್ಣಿನ ಕತೆಗೆ ಬರೋಣ. 'ಟೆನೆಸಿ' ಅನ್ನುವ ಹೆಸರೇ ಇಂಗ್ಲಿಷಲ್ಲ. ಅದು ಚೆರೋಕಿ ಜನರ ತನಾಸಿ ಎಂಬ ಹಳ್ಳಿಯಿಂದ ಬಂದದ್ದು. ಆ ಜನರಲ್ಲಿ ಸಿಕ್ವೋಯ ಅಂತ ಒಬ್ಬನಿದ್ದ. ಇಂಗ್ಲಿಷ್ ಓದಲು ಬರೆಯಲು ಬಾರದ ಈ ಮನುಷ್ಯ, 1821ರ ಸುಮಾರಿಗೆ ತನ್ನ ನುಡಿಗೆ ತಾನೇ ಲಿಪಿ ಕಟ್ಟಿದ. 1828ರಲ್ಲಿ ಚೆರೋಕಿ ಮತ್ತು ಇಂಗ್ಲಿಷ್ ಎರಡರಲ್ಲೂ ಅಚ್ಚಾಗುವ ಪತ್ರಿಕೆ ಹೊರಬಂತು. ಅಕ್ಷರ ಕಲಿತರೆ, ಪತ್ರಿಕೆ ನಡೆಸಿದರೆ, ತಮ್ಮದೇ ಸಂವಿಧಾನ ಬರೆದುಕೊಂಡರೆ ಬದುಕಲು ಬಿಡುತ್ತಾರೆ ಅಂತ ಅವರು ನಂಬಿದ್ದರು. 1830ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಅವರನ್ನು ಒಕ್ಕಲೆಬ್ಬಿಸುವ ಕಾನೂನಿಗೆ ಸಹಿ ಹಾಕಿದ. ಗುಲಾಮರನ್ನು ದುಡಿಸುತ್ತಿದ್ದ ಅವನ ತೋಟದ ಮನೆ ಇದ್ದದ್ದು ನ್ಯಾಶ್‌ವಿಲ್ ಪಕ್ಕದಲ್ಲೇ. 1838ರ ಚಳಿಯಲ್ಲಿ ಚೆರೋಕಿಗಳನ್ನು ಪಶ್ಚಿಮಕ್ಕೆ ಅಟ್ಟಿದ ದಾರಿ ಈ ಊರನ್ನು ಹಾದೇ ಹೋಯಿತು. ದಾರಿಯಲ್ಲಿ, ಶಿಬಿರಗಳಲ್ಲಿ ಸತ್ತವರು ಸಾವಿರಾರು. ರಾಜ್ಯಕ್ಕೆ ಹೆಸರು ಕೊಟ್ಟವರು ಊರಲ್ಲಿ ಇಲ್ಲ.

ಇನ್ನು ಕರಿಯರ ಮಾತು. ಆಫ್ರಿಕಾದಿಂದ ಹೊತ್ತು ತಂದ ಅವರ ನುಡಿಗಳನ್ನು ಬಾಯಿಂದ ಕಿತ್ತು ಇಂಗ್ಲಿಷ್ ತುರುಕಿದರು. ದಕ್ಷಿಣದ ಹಲವು ರಾಜ್ಯಗಳಲ್ಲಿ ಅದೇ ಇಂಗ್ಲಿಷಿನ ಅಕ್ಷರ ಕಲಿಸಿದರೆ ಅಪರಾಧ ಅಂದರು. ಮಾತಾಡು, ಆದರೆ ಓದಬೇಡ! ಕಿವಿಗೆ ಕಾದ ಸೀಸದ ಶಾಸ್ತ್ರ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದೆ ಓಟು ಕೇಳಿದಾಗ ಅದೇ ರಾಜ್ಯಗಳಲ್ಲಿ ಹಲವು, ಓದಿ ತೋರಿಸು ಅಂತ ಪರೀಕ್ಷೆ ಇಟ್ಟವು. 1965ರ ಮತದಾನ ಹಕ್ಕು ಕಾಯ್ದೆ ಬಂದ ಮೇಲೇ ಆ ಪರೀಕ್ಷೆಗೆ ಪೆಟ್ಟು ಬಿದ್ದದ್ದು.

1960ರ ಫೆಬ್ರವರಿ 13ರಂದು ನ್ಯಾಶ್‌ವಿಲ್‌ನ ಕರಿಯ ವಿದ್ಯಾರ್ಥಿಗಳು ಪೇಟೆಯ ವುಲ್‌ವರ್ತ್, ಕ್ರೆಸ್ ಮುಂತಾದ ಅಂಗಡಿಗಳಿಗೆ ಹೋಗಿ, ಸಣ್ಣಪುಟ್ಟ ಸಾಮಾನು ಕೊಂಡು, ಬಿಳಿಯರಿಗೆ ಮಾತ್ರ ಅಂತಿದ್ದ ಊಟದ ಕಟ್ಟೆಯ ಮುಂದೆ ಕೂತರು. ಸಾಮಾನಿಗೆ ಅವರ ದುಡ್ಡು ಆಗುತ್ತದೆ, ಊಟಕ್ಕೆ ಅವರು ಆಗುವುದಿಲ್ಲ. ಅವರು ಊಟ ಕೇಳಿದ್ದು ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲೇ! ಕಾಲೇಜಿನಲ್ಲಿ ಕಲಿತ, ಚರ್ಚಿನಲ್ಲಿ ಹಾಡಿದ ಅಪ್ಪಟ ಇಂಗ್ಲಿಷಿನಲ್ಲಿ. ಕೊಡಲಿಲ್ಲ. ಫೆಬ್ರವರಿ 27ರಂದು ಅವರನ್ನು ಹೊಡೆದರು, ಎಳೆದಾಡಿದರು. ಹೊಡೆದವರನ್ನು ಬಿಟ್ಟು ಹೊಡೆಸಿಕೊಂಡವರನ್ನು ಪೊಲೀಸರು ಹಿಡಿದರು. ಏಪ್ರಿಲ್ 19ರ ಬೆಳಗ್ಗೆ ಅವರ ಪರ ವಾದಿಸುತ್ತಿದ್ದ ಕರಿಯ ವಕೀಲ ಅಲೆಕ್ಸಾಂಡರ್ ಲೂಬಿಯವರ ಮನೆಗೆ ಬಾಂಬು ಬಿತ್ತು. ಅವತ್ತೇ ಸಾವಿರಾರು ಜನ ಒಂದು ಮಾತೂ ಆಡದೆ ನಗರಸಭೆಗೆ ನಡೆದುಹೋದರು. ಡಯಾನ್ ನ್ಯಾಶ್ ಎಂಬ ಹುಡುಗಿ ಮೇಯರ್ ಬೆನ್ ವೆಸ್ಟ್ ಎದುರು ನಿಂತು, ಬಣ್ಣ ನೋಡಿ ಭೇದ ಮಾಡುವುದು ತಪ್ಪೆಂದು ನಿಮಗನ್ನಿಸುತ್ತದೆಯೇ ಅಂತ ಕೇಳಿದಳು. ತಪ್ಪು ಅಂತ ಅವನು ಎಲ್ಲರೆದುರೇ ಒಪ್ಪಿದ. ಮೇ 10ರಂದು ಆರು ಅಂಗಡಿಗಳು ಕರಿಯರಿಗೆ ಊಟ ಬಡಿಸಿದವು.

ಈ ಹುಡುಗರನ್ನು ತಯಾರು ಮಾಡಿದ ಜೇಮ್ಸ್ ಲಾಸನ್ ಅದಕ್ಕೂ ಮುಂಚೆ, 1953ರಿಂದ ಸುಮಾರು ಮೂರು ವರ್ಷ, ನಮ್ಮ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದವರು. ಅದೇ ನಾಗಪುರದಲ್ಲಿ 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ಲಕ್ಷಾಂತರ ಜನರೊಂದಿಗೆ ಹಿಂದೂ ಧರ್ಮವನ್ನು ಬಿಟ್ಟು ನಡೆದರು. ಲಾಸನ್ ಇಲ್ಲಿಂದ ಬುತ್ತಿ ಕಟ್ಟಿಕೊಂಡು ಹೋದದ್ದು ಗಾಂಧಿಯನ್ನು. ಇರಲಿ. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಆ ಕಡೆಯ ಬ್ಲಾಕ್ ಪ್ಯಾಂಥರರ ಹೆಸರು ತಂದು ದಲಿತ ಪ್ಯಾಂಥರ್ಸ್ ಕಟ್ಟಿ ಬಾಕಿ ತೀರಿಸಿದರು.

ನಮ್ಮಲ್ಲಿ ಕೆಲವರು ಕೇಳುತ್ತಾರೆ: ಇಂಗ್ಲಿಷ್ ನಮಗೆ ಬಿಡುಗಡೆಯ ಭಾಷೆಯಲ್ಲವೇ, ಅದರ ಮೇಲೆ ಯಾಕೆ ಸಿಟ್ಟು? ನನಗೆ ಸಿಟ್ಟಿಲ್ಲ. ಸಾವಿತ್ರಿಬಾಯಿ ಫುಲೆ ಇಂಗ್ಲಿಷ್ ಕಲಿಯಿರಿ ಅಂತ ಪದ್ಯವನ್ನೇ ಬರೆದರು. ಅಂಬೇಡ್ಕರ್ 1936ರಲ್ಲಿ ಜಾತಿ ವಿನಾಶದ ಮಾತನ್ನು ಬರೆದದ್ದು ಇಂಗ್ಲಿಷಿನಲ್ಲಿ. ಆದರೆ ಕಲಿಯುವ ಭಾಷೆ ಬೇರೆ, ಕಚೇರಿಯ ಬಾಗಿಲಲ್ಲಿ ದೊಣ್ಣೆ ಹಿಡಿದು ನಿಲ್ಲುವ ಭಾಷೆ ಬೇರೆ. ಆ ದೊಣ್ಣೆ ಕನ್ನಡದ ಕೈಯಲ್ಲೂ ಇರುತ್ತದೆ. ನಮ್ಮಪ್ಪನಿಗೆ ಜಮೀನಿನ ಬಗ್ಗೆ ಬಂದ ನೋಟೀಸು ಕನ್ನಡದಲ್ಲೇ ಇತ್ತು. ಅಪ್ಪ ಅದನ್ನು ಮಡಿಚಿ ಗೂಡಿನಲ್ಲಿಟ್ಟ. ನಾನು ಹಾಸ್ಟೆಲಿನಿಂದ ರಜಕ್ಕೆ ಬಂದು ಓದಿದಾಗ ತಕರಾರು ಕೊಡುವ ದಿನ ದಾಟಿ ಹನ್ನೊಂದು ದಿನ ಆಗಿತ್ತು.

ಅವತ್ತು ನ್ಯಾಶ್‌ವಿಲ್‌ನಲ್ಲಿ ತಿದ್ದುಪಡಿ ಸೋತಿತು. ನೂರಕ್ಕೆ ಐವತ್ತಾರರಷ್ಟು ಜನ ಬೇಡ ಅಂದರು. ಮೇಯರ್ ಕಾರ್ಲ್ ಡೀನ್, ಚರ್ಚುಗಳು, ವಿಶ್ವವಿದ್ಯಾಲಯಗಳು, ವರ್ತಕರ ಸಂಘ ಎಲ್ಲ ಒಂದೇ ಕಡೆ ನಿಂತಿದ್ದವು. ವರ್ತಕರಿಗೆ ಕುರ್ದರ ಮೇಲೆ ಪ್ರೀತಿ ಉಕ್ಕಿತ್ತು ಅಂತ ನಾನು ನಂಬುವುದಿಲ್ಲ. ಊರಿನ ಹೆಸರು ಕೆಟ್ಟರೆ ಹೊರದೇಶದ ಕಂಪನಿ ಬರುವುದಿಲ್ಲ ಅನ್ನುವ ಲೆಕ್ಕ ಅವರದು. ಆದರೂ ಗೆಲುವು ಗೆಲುವೇ. ಇನ್ನೊಂದು ಕಡೆ ನೂರಕ್ಕೆ ನಲವತ್ತಮೂರು ಜನ ಹೌದು ಅಂದಿದ್ದರು ಅನ್ನುವುದನ್ನೂ ಮರೆಯುವ ಹಾಗಿಲ್ಲ.

2025ರ ಮಾರ್ಚ್ 1ರಂದು ಅಧ್ಯಕ್ಷ ಟ್ರಂಪ್ ಇಡೀ ಅಮೆರಿಕಾಕ್ಕೆ ಇಂಗ್ಲಿಷ್ ಅಧಿಕೃತ ಭಾಷೆ ಅಂತ ಆದೇಶ ಹೊರಡಿಸಿದರು. ಇಂಗ್ಲಿಷ್ ಬಾರದವರಿಗೂ ಸೇವೆ ಮುಟ್ಟುವಂತೆ ಮಾಡಿ ಅಂತ ಕ್ಲಿಂಟನ್ 2000ದಲ್ಲಿ ಕಚೇರಿಗಳಿಗೆ ಹಾಕಿದ್ದ ಆದೇಶ ಅದರೊಂದಿಗೇ ರದ್ದಾಯಿತು. ಬೇರೆ ಭಾಷೆಯಲ್ಲಿ ಸೇವೆ ಕೊಡುವುದು ಬಿಡುವುದು ಈಗ ಆಯಾ ಕಚೇರಿಯ ಮುಖ್ಯಸ್ಥರ ಇಷ್ಟ. ಈ ಸಲ ಯಾರ ಓಟನ್ನೂ ಕೇಳಲಿಲ್ಲ.