ಆನ್‌ಲೈನ್ ಅಪಾಯಿಂಟ್‌ಮೆಂಟ್: ಬಿಡುವಿನ ವೇಳಾಪಟ್ಟಿ ರಚಿಸುವ ಕ್ರಮ

ವೈದ್ಯರು, ಲೆಕ್ಕಪರಿಶೋಧಕರು, ವಕೀಲರು ಮೊದಲಾದವರ ಭೇಟಿಗೆ ಜನರು ತಾವೇ ಸಮಯ ಕಾಯ್ದಿರಿಸುವ ತಂತ್ರಾಂಶಕ್ಕೆ ಬಿಡುವಿನ ವೇಳಾಪಟ್ಟಿಯೇ ಆಧಾರ. ಪಾಸ್‌ಪೋರ್ಟ್ ಸೇವಾ, ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶಗಳಲ್ಲಿ ದಿನ ಮತ್ತು ವೇಳೆ ಆರಿಸಿಕೊಳ್ಳುವ ವ್ಯವಸ್ಥೆ ನಮಗೆಲ್ಲ ಪರಿಚಿತ. ಅಂಬ್ಲಿಗೊಳದಂಥ ಊರಿನಿಂದ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದವರಿಗೆ ಬಾಗಿಲು ಮುಚ್ಚಿದ್ದರೆ ಒಂದು ದಿನದ ದುಡಿಮೆಯೇ ನಷ್ಟ. ಆದ್ದರಿಂದ ಪಟ್ಟಿಯನ್ನು ಎಚ್ಚರದಿಂದ ರಚಿಸಬೇಕು.

1. ವಾರದ ಪಟ್ಟಿ

ಮೊದಲು ಸೋಮವಾರದಿಂದ ಭಾನುವಾರದವರೆಗೆ ಪ್ರತಿದಿನದ ಆರಂಭ ಮತ್ತು ಮುಕ್ತಾಯದ ವೇಳೆ ನಮೂದಿಸಿ. ಊಟದ ವಿರಾಮವಿದ್ದರೆ ದಿನವನ್ನು ಎರಡು ಭಾಗ ಮಾಡಿ.

2. ಅವಧಿ ಮತ್ತು ಅಂತರ

ಬೆಳಿಗ್ಗೆ 9.30ರಿಂದ 1 ಗಂಟೆಯವರೆಗೆ 210 ನಿಮಿಷ. ಒಂದು ಭೇಟಿಗೆ 20 ನಿಮಿಷವೆಂದರೆ ತಂತ್ರಾಂಶ 10 ಭೇಟಿ ತೋರಿಸುತ್ತದೆ. ಭೇಟಿಗಳ ನಡುವೆ 5 ನಿಮಿಷ ಬಿಟ್ಟರೆ ಹಿಡಿಸುವುದು 8 ಮಾತ್ರ. ಅಂತರ ನಮೂದಿಸದಿದ್ದರೆ ಕೊನೆಯ ಇಬ್ಬರು ಊಟದ ಹೊತ್ತು ಮೀರಿ ಕಾಯಬೇಕಾಗುತ್ತದೆ. ಕನಿಷ್ಠ ಎಷ್ಟು ಗಂಟೆ ಮೊದಲು, ಗರಿಷ್ಠ ಎಷ್ಟು ದಿನ ಮೊದಲು ಕಾಯ್ದಿರಿಸಬಹುದು ಎಂಬುದನ್ನೂ ಇಲ್ಲೇ ನಿಗದಿಪಡಿಸಿ.

3. ತಿಥಿ ಮತ್ತು ಪರ್ವಗಳು

ಹೆಚ್ಚಿನವರು ಎಡವುವುದು ಇಲ್ಲಿ. "ಪ್ರತಿ ಭಾನುವಾರ ರಜೆ" ಎಂದರೆ ತಂತ್ರಾಂಶಕ್ಕೆ ಅರ್ಥವಾಗುತ್ತದೆ. "ಪ್ರತಿ ಚತುರ್ದಶಿ ರಜೆ" ಎಂದರೆ ಸಾಮಾನ್ಯವಾಗಿ ಆಗುವುದಿಲ್ಲ. ತಿಥಿಯ ಅವಧಿ ಸುಮಾರು 19ರಿಂದ 26 ಗಂಟೆಗಳವರೆಗೆ ಬದಲಾಗುವುದರಿಂದ ಅಷ್ಟಮಿ, ಚತುರ್ದಶಿಗಳು ಒಂದೇ ವಾರಕ್ಕೆ ಕಟ್ಟುಬೀಳುವುದಿಲ್ಲ. ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವವೂ ಪ್ರತಿವರ್ಷ ಬೇರೆ ಬೇರೆ ದಿನಾಂಕಗಳಿಗೆ ಬರುತ್ತದೆ.

ಪರಿಹಾರ ಸುಲಭ. ಹೊಸ ಪಂಚಾಂಗ ಕೈಗೆ ಬಂದ ಕೂಡಲೇ ಅಂಥ ದಿನಾಂಕಗಳನ್ನು "ವಿಶೇಷ ದಿನ" ವಿಭಾಗದಲ್ಲಿ ಒಂದೊಂದಾಗಿ ನಮೂದಿಸಿ. ಈ ದಿನಗಳಿಗೆ ವಾರದ ಪಟ್ಟಿ ಅನ್ವಯಿಸುವುದಿಲ್ಲ. ಪೂರ್ತಿ ರಜೆ ಬೇಡವಾದರೆ ಪೂಜೆಯ ನಂತರದ ವೇಳೆಯನ್ನು ಮಾತ್ರ ತೆರೆದಿಡಬಹುದು. ಪಂಚಾಂಗ ನಮೂದಾಗದ ತಿಂಗಳುಗಳಿಗೆ ಬುಕಿಂಗ್ ತೆರೆಯಬೇಡಿ.

4. ಸೂರ್ಯಾಸ್ತ

ಶಿವಮೊಗ್ಗ ಭಾಗದಲ್ಲಿ ನವೆಂಬರ್ ಕೊನೆಗೆ ಸುಮಾರು 6 ಗಂಟೆಗೆ, ಜುಲೈ ಆರಂಭದಲ್ಲಿ ಸುಮಾರು 7 ಗಂಟೆಗೆ ಸೂರ್ಯಾಸ್ತ. ವರ್ಷವಿಡೀ ಸಂಜೆ 6.15ರವರೆಗೆ ಭೇಟಿ ಇಟ್ಟರೆ, ರಾತ್ರಿಭೋಜನ ತ್ಯಾಗ ಪಾಲಿಸುವವರಿಗೆ ಜುಲೈಯಲ್ಲಿ ಊಟಕ್ಕೆ ಸಮಯವಿರುತ್ತದೆ, ನವೆಂಬರಿನಲ್ಲಿ ಇರುವುದಿಲ್ಲ. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ವಾರದ ಪಟ್ಟಿ ಮಾಡಿ, ಎರಡಕ್ಕೂ ಆರಂಭ ಮತ್ತು ಅಂತ್ಯದ ದಿನಾಂಕ ಕೊಡಿ.

5. ವಿದೇಶದ ಕುಟುಂಬಗಳು

ವಿಡಿಯೊ ಭೇಟಿಗಳಿದ್ದರೆ ಸಮಯ ವಲಯವನ್ನು "ಏಷ್ಯಾ/ಕೋಲ್ಕತಾ" ಎಂದು ಆರಿಸಿ. ಅಮೆರಿಕದ ಹೆಚ್ಚಿನ ಭಾಗಗಳಲ್ಲಿ ಮಾರ್ಚ್ ಮತ್ತು ನವೆಂಬರಿನಲ್ಲಿ ಗಡಿಯಾರ ಒಂದು ಗಂಟೆ ಬದಲಾಗುತ್ತದೆ, ನಮ್ಮಲ್ಲಿ ಬದಲಾಗುವುದಿಲ್ಲ. ವ್ಯತ್ಯಾಸವನ್ನು ತಂತ್ರಾಂಶವೇ ಲೆಕ್ಕ ಹಾಕಲಿ.

6. ಕೊನೆಯ ಪರೀಕ್ಷೆ

ಪಟ್ಟಿ ಪ್ರಕಟಿಸುವ ಮೊದಲು ಬೇರೊಂದು ಮೊಬೈಲಿನಿಂದ ಒಂದು ಮಾಮೂಲಿ ದಿನ, ಒಂದು ಚತುರ್ದಶಿ, ದಶಲಕ್ಷಣದ ಒಂದು ದಿನ ತೆರೆದು ನೋಡಿ. ಒಂದೇ ವೇಳೆಯನ್ನು ಎರಡು ಮೊಬೈಲಿನಿಂದ ಕಾಯ್ದಿರಿಸಲು ಪ್ರಯತ್ನಿಸಿ, ಎರಡನೆಯದು ನಿರಾಕರಣೆಯಾಗಬೇಕು. ಫೋನಿನಲ್ಲಿ ಒಪ್ಪಿಕೊಂಡ ಭೇಟಿಗಳನ್ನೂ ಆಗಿಂದಾಗಲೇ ಇದೇ ಪಟ್ಟಿಗೆ ಸೇರಿಸಿ. ಪುಸ್ತಕದಲ್ಲೊಂದು, ತಂತ್ರಾಂಶದಲ್ಲೊಂದು ಲೆಕ್ಕವಿದ್ದರೆ ಎಂಥ ವೇಳಾಪಟ್ಟಿಯೂ ನಿಲ್ಲದು.